ಝಿಲಿಯನ್‌ಗೆ ಎಷ್ಟು ಸೊನ್ನೆ?

ಕಳೆದ ಬೇಸಿಗೆ ರಜೆಯಲ್ಲಿ ಬೆಂಗಳೂರಿನಿಂದ ಮೊಮ್ಮಗ ಮುಲುಂಡಿನ ನಮ್ಮ ಮನೆಗೆ ಬಂದಿದ್ದ. ಅವನಿಗೆ ಎಂಟು ವರ್ಷ. ಒಂದು ಬೆಳಿಗ್ಗೆ ಅಡುಗೆಮನೆಯಿಂದ ಕೂಗಿಕೊಂಡ: "ಅಜ್ಜೀ, ಸಕ್ಕರೆ ಡಬ್ಬಿಯಲ್ಲಿ ಗಝಿಲಿಯನ್ ಇರುವೆ!"

ಹೋಗಿ ನೋಡಿದೆ. ಇರುವೆಗಳು ಇದ್ದದ್ದು ನಿಜ. ಡಬ್ಬಿಯನ್ನು ಬಿಸಿಲಿಗಿಟ್ಟು ಕೇಳಿದೆ: "ಗಝಿಲಿಯನ್ ಅಂದ್ರೆ ಎಷ್ಟೋ ಮರಿ? ಒಂದರ ಮುಂದೆ ಎಷ್ಟು ಸೊನ್ನೆ?"

ಅವನು ನನ್ನನ್ನು ಕನಿಕರದಿಂದ ನೋಡಿದ. "ಅದಕ್ಕೆ ಸೊನ್ನೆ ಇರಲ್ಲ ಅಜ್ಜಿ. ಎಣಿಸೋಕೆ ಬೇಜಾರಾದಾಗ ಹೇಳೋದು ಅದು."

ಮೂವತ್ಮೂರು ವರ್ಷ ಬ್ಯಾಂಕಿನಲ್ಲಿ ದುಡಿದವಳು ನಾನು. ಸಂಜೆ ಕ್ಯಾಷ್ ಟ್ಯಾಲಿ ಆಗದೆ ಒಂದು ರೂಪಾಯಿಗಾಗಿ ಎಂಟು ಗಂಟೆಯವರೆಗೆ ಕೂತು, ಲೋಕಲ್ ತಪ್ಪೀತೆಂಬ ಆತಂಕದಲ್ಲಿ ಓಡಿದ ದಿನಗಳಿವೆ. ನಮ್ಮ ಕೆಲಸದಲ್ಲಿ ಎಣಿಸೋಕೆ ಬೇಜಾರು ಎಂಬ ಮಾತಿಗೆ ಜಾಗವೇ ಇರಲಿಲ್ಲ. ಹಾಗಾಗಿ ಸೊನ್ನೆಯಿಲ್ಲದ ಈ ಸಂಖ್ಯೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಇಂಗ್ಲಿಷಿನವರಿಗೆ ಝಿಲಿಯನ್, ಗಝಿಲಿಯನ್, ಉಂಪ್ಟೀನ್ ಎಂಬ ಪದಗಳು ಎಲ್ಲಿಂದ ಬಂದವು ಎಂದು ಹುಡುಕುತ್ತಾ ಹೋದೆ. ನಿವೃತ್ತಿಯಾದವರಿಗೆ ಸಮಯಕ್ಕೇನು ಕಡಿಮೆ? ಸಿಕ್ಕಿದ್ದನ್ನು ಸಂಘದ ಗೆಳತಿಯರ ಜೊತೆ ಹಂಚಿಕೊಳ್ಳೋಣ ಎಂದು ಇದನ್ನು ಬರೆಯುತ್ತಿದ್ದೇನೆ.

ದೊಡ್ಡ ಸಾವಿರ

ಈ ಮನೆತನದ ಹಿರಿಯಜ್ಜ ಮಿಲಿಯನ್. ಹಳೆಯ ರೋಮನ್ನರಿಗೆ ಸಾವಿರದಾಚೆಗೆ ಒಂದೇ ಪದದ ಹೆಸರುಗಳಿರಲಿಲ್ಲ. ಹತ್ತು ಲಕ್ಷ ಎನ್ನಬೇಕಾದರೆ ಅವರು 'ಹತ್ತು ಸಲ ನೂರು ಸಾವಿರ' ಎಂದು ಸುತ್ತಿ ಬಳಸಿ ಹೇಳಬೇಕಿತ್ತು. ಗ್ರೀಕರಲ್ಲಿ ಹತ್ತು ಸಾವಿರಕ್ಕೆ ಒಂದು ಹೆಸರಿತ್ತು, ಅದರಿಂದಲೇ ಇಂಗ್ಲಿಷಿನ ಮಿರಿಯಡ್ ಬಂದದ್ದು. ಇವತ್ತು ಮಿರಿಯಡ್ ಎಂದರೆ ಹತ್ತು ಸಾವಿರವಲ್ಲ, ಲೆಕ್ಕವಿಲ್ಲದಷ್ಟು ಎಂದೇ ಅರ್ಥ. ನಮ್ಮಲ್ಲಾದರೋ ಯಜುರ್ವೇದದಲ್ಲೇ ಏಕ, ದಶ, ಶತ ಎಂದು ಶುರುವಾಗಿ ಪರಾರ್ಧದವರೆಗೆ, ಅಂದರೆ ಒಂದರ ಮುಂದೆ ಹನ್ನೆರಡು ಸೊನ್ನೆಯವರೆಗೆ, ಹತ್ತರ ಒಂದೊಂದು ಮೆಟ್ಟಿಲಿಗೂ ಹೆಸರಿದೆ.

ಮಿಲಿಯನ್ ಹುಟ್ಟಿದ್ದು ಇಟಲಿಯಲ್ಲಿ. ಅಲ್ಲಿಯ ಭಾಷೆಯಲ್ಲಿ ಮಿಲ್ಲೆ ಎಂದರೆ ಸಾವಿರ. ಪದದ ಕೊನೆಗೆ 'ಓನೆ' ಸೇರಿಸಿದರೆ ವಸ್ತು ದೊಡ್ಡದಾಗುತ್ತದೆ. ನಾವು ಹೆಬ್ಬಾಗಿಲು, ಹೆದ್ದಾರಿ, ಹೆಮ್ಮರ ಎನ್ನುತ್ತೇವಲ್ಲ, ಹಾಗೆ. ಮಿಲಿಯೋನೆ ಎಂದರೆ 'ದೊಡ್ಡ ಸಾವಿರ'. ಸುಮಾರು 13ನೆಯ ಶತಮಾನದ ಹೊತ್ತಿಗೆ ಈ ಪದ ಬಳಕೆಗೆ ಬಂತು. ಅಂದರೆ ಇಂದು ಶಾಲೆಯಲ್ಲಿ ಆರು ಸೊನ್ನೆ ಎಂದು ಕಲಿಸುವ ಗಂಭೀರ ಮಿಲಿಯನ್ ಕೂಡ ಹುಟ್ಟುವಾಗ, ಕೈ ಅಗಲಿಸಿ 'ಇಷ್ಟು ದೊಡ್ಡದು' ಎಂದು ತೋರಿಸುವಂಥ ಮಾತೇ ಆಗಿತ್ತು.

ಚೀನಾದವರೆಗೆ ಹೋಗಿಬಂದ ವೆನಿಸ್ಸಿನ ಮಾರ್ಕೊ ಪೋಲೊನ ಪ್ರವಾಸ ಕಥನಕ್ಕೆ ಇಟಲಿಯಲ್ಲಿ 'ಇಲ್ ಮಿಲಿಯೋನೆ' ಎಂಬ ಹೆಸರಿದೆ. ಅವನು ಮಾತೆತ್ತಿದರೆ ಮಿಲಿಯನ್ ಮಿಲಿಯನ್ ಎನ್ನುತ್ತಿದ್ದುದರಿಂದ ಜನ ಹಾಸ್ಯ ಮಾಡಿ ಇಟ್ಟ ಹೆಸರು ಎಂದು ಕೆಲವರು ಹೇಳುತ್ತಾರೆ. ಅಲ್ಲ, ಅದು ಅವನ ಮನೆತನದ ಎಮಿಲಿಯೋನೆ ಎಂಬ ಹೆಸರಿನಿಂದ ಬಂದದ್ದು ಎಂದು ಇನ್ನು ಕೆಲವರು. ಯಾವುದು ನಿಜವಾದರೂ ಮೊದಲನೆಯ ಕಥೆ ಇಷ್ಟು ಕಾಲ ಉಳಿದುಬಂದಿದೆ. ದೊಡ್ಡ ಸಂಖ್ಯೆ ಹೇಳುವವನನ್ನು ಕಂಡರೆ ಜನಕ್ಕೆ ಆಗಲೂ ಅನುಮಾನವೇ.

ಶುಕೆ ಕೊಟ್ಟ ಅಚ್ಚು

ಮಿಲಿಯನ್ನಿನ ಮುಂದಿನ ಮೆಟ್ಟಿಲುಗಳನ್ನು ಕಟ್ಟಿದವರಲ್ಲಿ ಮುಖ್ಯನಾದವನು ಫ್ರಾನ್ಸಿನ ಲಿಯೋನ್ ನಗರದಲ್ಲಿದ್ದ ನಿಕೋಲಾ ಶುಕೆ. 1484ರಲ್ಲಿ ಬರೆದ ಗಣಿತದ ಪುಸ್ತಕದಲ್ಲಿ ಅವನು ಲ್ಯಾಟಿನ್ನಿನ ಎರಡು, ಮೂರು, ನಾಲ್ಕು ಎಂಬ ಪದಗಳನ್ನು ಮಿಲಿಯನ್ನಿನ ಬಾಲಕ್ಕೆ ಅಂಟಿಸಿ ಬಿಲಿಯನ್, ಟ್ರಿಲಿಯನ್, ಕ್ವಾಡ್ರಿಲಿಯನ್ ಎನ್ನುತ್ತಾ ನಾನಿಲಿಯನ್‌ವರೆಗೆ ಹೆಸರಿಟ್ಟ. ಪಾಪ, ಆ ಪುಸ್ತಕ ಅವನ ಕಾಲದಲ್ಲಿ ಅಚ್ಚಾಗಲಿಲ್ಲ. ಎಸ್ಟಿಯೆನ್ ದ ಲಾ ರೋಷ್ ಎಂಬವನು ಅದರ ಬಹುಭಾಗವನ್ನು 1520ರಲ್ಲಿ ತನ್ನ ಪುಸ್ತಕಕ್ಕೆ ಸೇರಿಸಿಕೊಂಡ. ಶುಕೆಯ ಮೂಲ ಹಸ್ತಪ್ರತಿ ಅಚ್ಚು ಕಂಡದ್ದು 1880ರಲ್ಲಿ, ಬರೆದು ಸುಮಾರು ನಾನೂರು ವರ್ಷದ ನಂತರ.

ನನ್ನ ಕಥೆಗೆ ಬೇಕಾದದ್ದು ಶುಕೆ ಕೊಟ್ಟ ಅಚ್ಚು. ಚಕ್ಕುಲಿ ಒರಳಿನಂತೆ ಅದು. ಬಾಲ ಅದೇ 'ಇಲಿಯನ್', ಮುಂದೆ ಯಾವ ಅಕ್ಷರ ಹಾಕಿದರೂ ಒಂದು ದೊಡ್ಡ ಸಂಖ್ಯೆ ಹೊರಬರುತ್ತದೆ. ಶುಕೆ ಲ್ಯಾಟಿನ್ ಹಾಕಿದ. ನಾನೂರು ಚಿಲ್ಲರೆ ವರ್ಷದ ಮೇಲೆ ಅಮೆರಿಕದ ಜನಸಾಮಾನ್ಯರು ಬಾಯಿಗೆ ಬಂದದ್ದನ್ನು ಹಾಕಿದರು.

ಅಷ್ಟರಲ್ಲಿ ಬಿಲಿಯನ್ ಒಂದು ದೊಡ್ಡ ಗೊಂದಲವನ್ನೇ ಮಾಡಿತ್ತು. ಶುಕೆಯ ಬಿಲಿಯನ್ ಮಿಲಿಯನ್ ಮಿಲಿಯನ್, ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ಕೋಟಿ. ಬ್ರಿಟನ್ ಅದನ್ನೇ ಹಿಡಿದುಕೊಂಡಿತು. ಅಮೆರಿಕದ ಬಿಲಿಯನ್ ಮಾತ್ರ ಸಾವಿರ ಮಿಲಿಯನ್, ಅಂದರೆ ನೂರು ಕೋಟಿ. ಹೆಸರು ಒಂದೇ ಆದರೂ ಒಂದು ಇನ್ನೊಂದರ ಸಾವಿರ ಪಟ್ಟು. ಕೊನೆಗೆ 1974ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಪ್ರಧಾನಿ ಹೆರಾಲ್ಡ್ ವಿಲ್ಸನ್, ಇನ್ನು ಸರ್ಕಾರದ ಅಂಕಿ ಅಂಶಗಳಲ್ಲಿ ಬಿಲಿಯನ್ ಎಂದರೆ ಸಾವಿರ ಮಿಲಿಯನ್ನೇ ಎಂದು ಪಾರ್ಲಿಮೆಂಟಿಗೆ ತಿಳಿಸಿದರು. ನಾನು ಬ್ಯಾಂಕಿಗೆ ಸೇರಿದ ಹೊಸತರಲ್ಲಿ ನಮ್ಮ ಹಿರಿಯ ಅಧಿಕಾರಿಯೊಬ್ಬರು, "ಬಿಲಿಯನ್ ಅಂತ ಪದ ಬರೀಬೇಡಮ್ಮಾ, ಸೊನ್ನೆ ಎಣಿಸಿ ಅಂಕಿ ಬರಿ" ಎಂದು ಯಾಕೆ ಅನ್ನುತ್ತಿದ್ದರು ಎನ್ನುವುದು ಈಗ ಅರ್ಥವಾಯಿತು.

ಉಂಪ್ಟಿಯಿಂದ ಉಂಪ್ಟೀನ್

ಗಣಿತದವರು ಮೇಲಿನ ಮೆಟ್ಟಿಲು ಕಟ್ಟುತ್ತಿದ್ದಾಗ ಸಾಮಾನ್ಯ ಜನ ತಮ್ಮದೇ ಸಂಖ್ಯೆಗಳನ್ನು ಮಾಡಿಕೊಳ್ಳುತ್ತಿದ್ದರು. 19ನೆಯ ಶತಮಾನದ ಅಮೆರಿಕದ ಹಳ್ಳಿಯ ಮಾತಿನಲ್ಲಿ 'ಫಾರ್ಟಿ-ಲೆವೆನ್' ಎಂಬ ಪದವಿತ್ತು, 'ನಲವತ್ತಹನ್ನೊಂದು' ಎಂದ ಹಾಗೆ. ಅಂಥ ಸಂಖ್ಯೆಯೇ ಇಲ್ಲ, ಅದೇ ಅದರ ತಮಾಷೆ. ಸ್ವೀಡನ್ನಿನವರು ಇಂದಿಗೂ 'ಐವತ್ತಹನ್ನೊಂದು' ಎನ್ನುತ್ತಾರಂತೆ.

ನಾವೆಲ್ಲ ಮುಂಬೈ ಇಂಗ್ಲಿಷಿನಲ್ಲಿ ಧಾರಾಳವಾಗಿ ಬಳಸುವ 'ಉಂಪ್ಟೀನ್ ಟೈಮ್ಸ್'ನ ಕಥೆ ನನಗೆ ಬಹಳ ಹಿಡಿಸಿತು. ತಂತಿ ಕಳಿಸುವ ಮೋರ್ಸ್ ಸಂಕೇತದಲ್ಲಿ ಚುಕ್ಕಿ ಮತ್ತು ಗೆರೆ ಎಂದು ಎರಡೇ ಗುರುತುಗಳು. ಕಲಿಯುವವರು ಬಾಯಲ್ಲಿ ಚುಕ್ಕಿಗೆ 'ಇಡ್ಡಿ', ಗೆರೆಗೆ 'ಉಂಪ್ಟಿ' ಎನ್ನುತ್ತಿದ್ದರು. ಈ ಉಂಪ್ಟಿ ಕಿವಿಗೆ ಟ್ವೆಂಟಿ, ಥರ್ಟಿಯ ತಮ್ಮನಂತೆ ಕೇಳುತ್ತದೆ. ಹಾಗಾಗಿ 'ಇಷ್ಟೆಂದು ಹೇಳಲಾಗದ ಸಂಖ್ಯೆ' ಎಂಬ ಅರ್ಥ ಅದಕ್ಕೆ ಅಂಟಿತು. ಥರ್ಟೀನ್, ಫೋರ್ಟೀನ್‌ಗಳ ಬಾಲ ಸೇರಿದಾಗ ಉಂಪ್ಟೀನ್ ಆಯಿತು. ಮೊದಲ ಮಹಾಯುದ್ಧದ ಸೈನಿಕರ ಬಾಯಲ್ಲಿ ಅದು ಎಲ್ಲೆಡೆ ಹರಡಿತು.

ಉಂಪ್ಟೀನಿಗೆ ಒಂದು ಸ್ವಭಾವವಿದೆ. ಅದರಲ್ಲಿ ದಣಿವು ಇರುತ್ತದೆ. ಮಗುವಿಗೆ ಎಷ್ಟು ಪ್ರೀತಿ ಎಂದು ಉಂಪ್ಟೀನಿನಲ್ಲಿ ಯಾರೂ ಹೇಳುವುದಿಲ್ಲ. ಹೇಳಿದ್ದನ್ನೇ ಹೇಳಿ, ಮಾಡಿದ್ದನ್ನೇ ಮಾಡಿ ಸಾಕಾದವರ ಪದ ಅದು.

ಝಿಲಿಯನ್ನಿನ ಸಂತಾನ

ಝಿಲಿಯನ್, ಜಿಲಿಯನ್, ಬಝಿಲಿಯನ್, ಸ್ಕ್ವಿಲಿಯನ್ ಇವೆಲ್ಲ ಹೆಚ್ಚುಕಡಿಮೆ ಎರಡು ಮಹಾಯುದ್ಧಗಳ ನಡುವೆ ಮತ್ತು ಅದರ ಆಸುಪಾಸಿನಲ್ಲಿ ಅಚ್ಚಿನಲ್ಲಿ ಕಾಣಿಸಿಕೊಂಡವು. ಮೊಮ್ಮಗನ ಗಝಿಲಿಯನ್ ಇವರೆಲ್ಲರ ಕಿರಿಯ ತಮ್ಮ, ಅದು 1970ರ ದಶಕದ್ದು. ಅಮೆರಿಕದ ಡೆಟ್ರಾಯಿಟಿನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದ ಸ್ಟೀಫನ್ ಕ್ರಿಸೊಮಾಲಿಸ್ ಈ ಪದಗಳ ಬಗ್ಗೆಯೇ ಸಂಶೋಧನಾ ಲೇಖನ ಬರೆದಿದ್ದಾರೆ. ಇವುಗಳಿಗೆ ಅವರು ಕೊಟ್ಟ ಹೆಸರನ್ನು ಕನ್ನಡದಲ್ಲಿ 'ಅನಿರ್ದಿಷ್ಟ ಉತ್ಪ್ರೇಕ್ಷೆಯ ಸಂಖ್ಯಾಪದಗಳು' ಎನ್ನಬಹುದು.

ನಿಜವಾದ ಸಂಖ್ಯೆಗಳೇ ಹುಚ್ಚು ಹಿಡಿದಂತೆ ಬೆಳೆದ ಕಾಲವೂ ಅದೇ. 1923ರ ನವೆಂಬರಿನಲ್ಲಿ ಜರ್ಮನಿಯ ಹಣದುಬ್ಬರ ಯಾವ ಮಟ್ಟ ತಲುಪಿತ್ತೆಂದರೆ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್. ನೂರು ಲಕ್ಷ ಕೋಟಿ ಮಾರ್ಕಿನ ನೋಟನ್ನೂ ಅವರು ಅಚ್ಚು ಹಾಕಿದರು. 2009ರಲ್ಲಿ ಜಿಂಬಾಬ್ವೆಯಲ್ಲೂ ಹೀಗೆಯೇ ಆಗಿ 100 ಟ್ರಿಲಿಯನ್ ಡಾಲರಿನ ನೋಟು ಬಂತು. ನೋಟು ಎಣಿಸಿ ಬದುಕಿದ ನನಗೆ ಅದರ ಚಿತ್ರ ನೋಡುವಾಗ ಆ ಕೌಂಟರಿನಲ್ಲಿ ಕೂತವರನ್ನು ನೆನೆದು ಸಂಕಟವಾಯಿತು. ಹದಿನಾಲ್ಕು ಸೊನ್ನೆ ಇದ್ದರೂ ಆ ನೋಟಿನಲ್ಲಿ ನೆಟ್ಟಗೆ ಒಂದು ವಾರದ ದಿನಸಿ ಬರುವ ಭರವಸೆ ಇರಲಿಲ್ಲ. ಸೊನ್ನೆಗಳಿದ್ದೂ ಅದು ಝಿಲಿಯನ್ನೇ.

ಇದಕ್ಕೆ ತದ್ವಿರುದ್ಧವಾದದ್ದು ಗೂಗೋಲ್. ಅಮೆರಿಕದ ಗಣಿತಜ್ಞ ಎಡ್ವರ್ಡ್ ಕಾಸ್ನರ್, ಒಂದರ ಮುಂದೆ ನೂರು ಸೊನ್ನೆ ಇರುವ ಸಂಖ್ಯೆಗೆ ಏನು ಹೆಸರಿಡೋಣ ಎಂದು ಒಂಬತ್ತು ವರ್ಷದ ಸೋದರಳಿಯ ಮಿಲ್ಟನ್ ಸಿರೊಟ್ಟಾನನ್ನು ಕೇಳಿದರಂತೆ. ಹುಡುಗ 'ಗೂಗೋಲ್' ಎಂದ. 1940ರಲ್ಲಿ ಕಾಸ್ನರ್ ಮತ್ತು ಜೇಮ್ಸ್ ನ್ಯೂಮನ್ ಬರೆದ ಪುಸ್ತಕದಿಂದ ಅದು ಜನಪ್ರಿಯವಾಯಿತು. ನಾವೆಲ್ಲ ದಿನವೂ ತೆರೆಯುವ ಗೂಗಲ್‌ನ ಹೆಸರು ಬಂದದ್ದೂ ಇದರಿಂದಲೇ, ಕಾಗುಣಿತ ಬದಲಾಗಿ. ಹೆಸರು ಮಕ್ಕಳಾಟದ್ದಾದರೂ ಗೂಗೋಲ್ ಕರಾರುವಾಕ್ಕಾದ ಸಂಖ್ಯೆ. ಅದಕ್ಕಿಂತ ಒಂದು ಹೆಚ್ಚು, ಒಂದು ಕಡಿಮೆ ಎನ್ನಬಹುದು. ಝಿಲಿಯನ್ನಿಗೆ ಒಂದು ಕೂಡಿಸಿದರೆ ಏನು ಬರುತ್ತದೆ? ಝಿಲಿಯನ್ನೇ. ಅರ್ಧ ಕಳೆದರೂ ಝಿಲಿಯನ್ನೇ.

ಒಮ್ಮೊಮ್ಮೆ ನಿಜವಾದ ಸಂಖ್ಯೆಯೂ ಝಿಲಿಯನ್ನಿನ ಸಾಲಿಗೆ ಸೇರುತ್ತದೆ. 1980ರ 'ಕಾಸ್ಮೋಸ್' ಟಿವಿ ಸರಣಿಯಲ್ಲಿ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್, ಕೇಳುವವರು ಮಿಲಿಯನ್ ಎಂದು ತಪ್ಪು ತಿಳಿಯಬಾರದೆಂದು ಬಿಲಿಯನ್ನಿನ 'ಬಿ' ಅಕ್ಷರವನ್ನು ಒತ್ತಿ ಹೇಳುತ್ತಿದ್ದರು. ಜಾನಿ ಕಾರ್ಸನ್ ಎಂಬ ಟಿವಿ ನಿರೂಪಕ ಅದನ್ನು ಅಣಕಿಸಿ 'ಬಿಲಿಯನ್ಸ್ ಅಂಡ್ ಬಿಲಿಯನ್ಸ್' ಎಂದದ್ದು ಮನೆಮಾತಾಯಿತು. ಆ ಸರಣಿಯಲ್ಲಿ ತಾನು ಹಾಗೆ ಹೇಳಲೇ ಇಲ್ಲ ಎಂದು ಸೇಗನ್ ಎಷ್ಟು ಹೇಳಿದರೂ ಜನ ಬಿಡಲಿಲ್ಲ. ಕೊನೆಗೆ ಅವರು ತಮ್ಮ ಕೊನೆಯ ಪುಸ್ತಕಕ್ಕೆ ಅದೇ ಹೆಸರಿಟ್ಟರು. ಮಿಲಿಯನ್ನಿಗೂ ಬಿಲಿಯನ್ನಿಗೂ ಇರುವ ವ್ಯತ್ಯಾಸ ಗೊತ್ತಾಗಲಿ ಎಂದು ಒತ್ತಿ ಹೇಳಿದವರ ಮಾತು, ವ್ಯತ್ಯಾಸವೇ ಇಲ್ಲದ 'ತುಂಬಾ ತುಂಬಾ' ಆಗಿಹೋಯಿತು.

ನಮ್ಮ ನೂರೆಂಟು, ನೆರೆಯವರ ಸತ್ರಾಶೇ ಸಾಠ್

ಇಷ್ಟೆಲ್ಲ ಓದಿದ ಮೇಲೆ ಸುತ್ತಮುತ್ತಲ ಮಾತಿಗೆ ಕಿವಿ ಕೊಡತೊಡಗಿದೆ. 'ನನಗೆ ನೂರೆಂಟು ಕೆಲಸ ಇದೆ' ಎನ್ನುವ ನಾವು ಎಂದಾದರೂ ಆ ಕೆಲಸಗಳನ್ನು ಎಣಿಸಿದ್ದೇವೆಯೇ? ನೂರಾರು ಜನ ಎಂದರೆ ನೂರಾ ಆರು ಜನ ಅಲ್ಲ. ನಮ್ಮ ಪಕ್ಕದ ಮನೆಯ ಮರಾಠಿ ವಹಿನಿಗೆ ಯಾವಾಗಲೂ 'ಸತ್ರಾಶೇ ಸಾಠ್' ತಾಪತ್ರಯಗಳು, ಅಂದರೆ ಒಂದು ಸಾವಿರದ ಏಳುನೂರ ಅರವತ್ತು. ಚೆನ್ನೈಯಲ್ಲಿರುವ ತಂಗಿಯ ನೆರೆಹೊರೆಯವರು 'ಆಯಿರತ್ತೆಟ್ಟು', ಸಾವಿರದೆಂಟು, ಎನ್ನುತ್ತಾರೆ. ಹೈದರಾಬಾದಿನ ತೆಲುಗರಿಗೆ 'ಸವಾಲಕ್ಷ', ಒಂದೂಕಾಲು ಲಕ್ಷ.

ಇಂಗ್ಲಿಷಿನ ಆಡುಮಾತು ಇಲ್ಲದ ಸಂಖ್ಯೆಯೊಂದನ್ನು ಹುಟ್ಟಿಸಿ ಅದು ಸಂಖ್ಯೆಯೇ ಎಂಬಂತೆ ವೇಷ ಹಾಕುತ್ತದೆ. ನಾವು ಇರುವ ಸಂಖ್ಯೆಯನ್ನೇ, ಅದೂ ಬಾಲದಲ್ಲಿ ಚಿಲ್ಲರೆ ಇರುವ ಸಂಖ್ಯೆಯನ್ನು, ಲೆಕ್ಕದ ಪುಸ್ತಕದಿಂದ ಕಿತ್ತುತಂದು ಮಾತಿಗೆ ಹಚ್ಚುತ್ತೇವೆ. ದಾರಿ ಬೇರೆಯಾದರೂ ಹೇಳುವುದು ಒಂದೇ: ನಾನು ಎಣಿಸುವುದನ್ನು ನಿಲ್ಲಿಸಿದ್ದೇನೆ.

ನಿಲ್ಲಿಸುವುದಕ್ಕೆ ಎರಡು ಕಾರಣಗಳಿರಬಹುದು. ಎಣಿಸಲು ಆಗುವುದಿಲ್ಲ ಎನ್ನುವುದು ಒಂದು. ಎಣಿಸಲು ಮನಸ್ಸಿಲ್ಲ ಎನ್ನುವುದು ಇನ್ನೊಂದು. ಇವೆರಡರ ವ್ಯತ್ಯಾಸ ನನಗೆ ತಿಳಿದದ್ದು ಪುಸ್ತಕದಿಂದಲ್ಲ.

ಕ್ಯಾಲೆಂಡರಿನ ಹಾಳೆ

ಹನ್ನೆರಡು ವರ್ಷದ ಹಿಂದಿನ ಮಾತು. ನಮ್ಮ ಅತ್ತೆಗೆ ಮರೆವಿನ ಕಾಯಿಲೆ ಶುರುವಾಗಿತ್ತು. ಹುಬ್ಬಳ್ಳಿಯವರು. ಮಗನ ಜೊತೆ ಮುಂಬೈಗೆ ಬಂದು ನಲವತ್ತು ವರ್ಷವಾಗಿದ್ದರೂ ಕಾಯಿಲೆ ಅವರನ್ನು ಹಿಂದಕ್ಕೆ ಕರೆದುಕೊಂಡು ಹೋಗಿತ್ತು. ಬಾಗಿಲ ಬಳಿ ಬಂದು ಕೇಳುವರು: "ಹುಬ್ಬಳ್ಳಿ ಗಾಡಿ ಹೋತೇನವಾ?"

"ಇನ್ನೂ ಹೊತ್ತದರೀ ಅತ್ತಿ, ಕೂಡ್ರಿ" ಎನ್ನುತ್ತಿದ್ದೆ. ಹತ್ತು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ. ನಾನಿನ್ನೂ ಕೆಲಸದಲ್ಲಿದ್ದೆ. ಅವರಿಗಾಗಿ ದೀರ್ಘ ರಜೆ ಹಾಕಿ ಮನೆಯಲ್ಲಿ ಕೂತಿದ್ದೆ, ಅದರ ಸಿಟ್ಟೂ ಒಳಗೇ ಇತ್ತು. ಒಂದು ಸಂಜೆ ಕುಕ್ಕರ್ ಕೂಗುತ್ತಿತ್ತು, ಫೋನ್ ಬರುತ್ತಿತ್ತು, ಅವರು ಸೆರಗು ಹಿಡಿದು ಕೇಳಿದರು. ನಾನು ಕೂಗಿಬಿಟ್ಟೆ: "ಸಾವಿರ ಸಲ ಹೇಳೀನಲ್ಲರೀ! ಎಷ್ಟಂತ ಹೇಳ್ಲಿ?"

ಅತ್ತೆ ಏನೂ ಅನ್ನಲಿಲ್ಲ. ಸೆರಗು ಬಿಟ್ಟು ಹೋಗಿ ತಮ್ಮ ಮಂಚದ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಬೈಸಿಕೊಂಡದ್ದು ಅವರಿಗೆ ಮರೆತಿತ್ತು. ನನಗೆ ಮರೆಯಲಿಲ್ಲ.

ಮುಂದಿನ ವಾರ ಡಾಕ್ಟರ ಬಳಿ ಹೋದಾಗ ಅವರು, ಒಂದೇ ಪ್ರಶ್ನೆಯನ್ನು ದಿನಕ್ಕೆ ಎಷ್ಟು ಸಲ ಕೇಳುತ್ತಾರೆ ಎಂದರು. ನಾನು "ಉಂಪ್ಟೀನ್ ಟೈಮ್ಸ್, ಡಾಕ್ಟರ್" ಎಂದೆ. ಅವರು ನಗಲಿಲ್ಲ. ಉಂಪ್ಟೀನ್ ಅಂತ ಕೇಸ್ ಪೇಪರಿನಲ್ಲಿ ಬರೆಯಲಾಗುವುದಿಲ್ಲ, ಒಂದು ವಾರ ಎಣಿಸಿಕೊಂಡು ಬನ್ನಿ, ಹೊತ್ತನ್ನೂ ಬರೆದಿಡಿ ಎಂದರು.

ಕ್ಯಾಲೆಂಡರಿನ ಹಳೆಯ ಹಾಳೆಯ ಬೆನ್ನಿಗೆ ಗೆರೆ ಎಳೆಯತೊಡಗಿದೆ. ನಾಲ್ಕು ನೆಟ್ಟಗೆ, ಐದನೆಯದು ಅಡ್ಡ. ಮೊದಲ ದಿನ ರಾತ್ರಿ ಕೂಡಿಸಿ ನೋಡಿದರೆ ಹದಿನೇಳು. ನಂಬಿಕೆಯಾಗಲಿಲ್ಲ. ಎರಡನೆಯ ದಿನ ಇಪ್ಪತ್ತೊಂದು, ಮೂರನೆಯ ದಿನ ಹತ್ತೊಂಬತ್ತು. ನನ್ನ ಮನಸ್ಸಿನಲ್ಲಿ ಸಾವಿರವಾಗಿದ್ದದ್ದು ಹಾಳೆಯ ಮೇಲೆ ಹತ್ತೊಂಬತ್ತು.

ಹೊತ್ತು ಬರೆದಿಟ್ಟದ್ದರಿಂದ ಇನ್ನೊಂದು ವಿಷಯ ಗೊತ್ತಾಯಿತು. ಬೆಳಿಗ್ಗೆ ಒಂದೋ ಎರಡೋ ಗೆರೆ, ಉಳಿದವೆಲ್ಲ ಸಂಜೆ ನಾಲ್ಕರಿಂದ ದೀಪ ಹಚ್ಚುವ ಹೊತ್ತಿನೊಳಗೆ. ಡಾಕ್ಟರು ಹಾಳೆ ನೋಡಿ, ಈ ಕಾಯಿಲೆಯಲ್ಲಿ ಹೊತ್ತು ಇಳಿಯುವಾಗ ತಳಮಳ ಹೆಚ್ಚುವುದುಂಟು, ಆಗ ಕೈಗೆ ಗೊತ್ತಿರುವ ಕೆಲಸ ಏನಾದರೂ ಕೊಡಿ ಎಂದರು. ನಾಲ್ಕು ಗಂಟೆಗೆ ಅವರ ಮುಂದೆ ಹತ್ತಿ ಇಟ್ಟೆ. ಅತ್ತೆಯ ಬೆರಳು ಮರೆತಿರಲಿಲ್ಲ. ಮಾತಿಲ್ಲದೆ ಬತ್ತಿ ಹೊಸೆಯುತ್ತಾ ಕೂತರು. ಆ ವಾರದ ಗೆರೆಗಳು ದಿನಕ್ಕೆ ಎಂಟೋ ಒಂಬತ್ತೋ ಆದವು. ಒಂಬತ್ತು ಸಲವಾದರೆ ಉತ್ತರ ಕೊಡಬಹುದು. ಒಂಬತ್ತು ಸಲ "ಇನ್ನೂ ಹೊತ್ತದರೀ ಅತ್ತಿ" ಎನ್ನಲು ನನ್ನಲ್ಲಿ ತಾಳ್ಮೆ ಇತ್ತು. ಸಾವಿರ ಸಲಕ್ಕೆ ಯಾರಲ್ಲಿ ಇರುತ್ತದೆ?

ಅವರು ಹೋಗಿ ಒಂಬತ್ತು ವರ್ಷವಾಯಿತು. ಹೊಸೆದ ಬತ್ತಿಗಳು ಎರಡು ವರ್ಷ ದೇವರ ಮನೆಗೆ ಸಾಕಾದವು. ಹಾಳೆ ನನ್ನ ಪಾಸ್‌ಬುಕ್ಕುಗಳ ಜೊತೆ ಇನ್ನೂ ಇದೆ.

ಝಿಲಿಯನ್, ನೂರೆಂಟು ಇವುಗಳ ಮೇಲೆ ನನಗೇನೂ ಕೋಪವಿಲ್ಲ. ಬೆರಗಿಗೆ, ನಗುವಿಗೆ, ಮಕ್ಕಳ ಪ್ರೀತಿಗೆ ಅವು ಬೇಕೇ ಬೇಕು. ಕೆಲಸದ ದಣಿವಿನಲ್ಲಿ ನಾವು ಹೆಂಗಸರು 'ನೂರೆಂಟು' ಎನ್ನದೆ ಇನ್ನೇನು ಅನ್ನಲಿಕ್ಕಾಗುತ್ತದೆ? ಆದರೆ ಮನೆಯವರ ಮೇಲಿನ ದೂರಿನಲ್ಲಿ ಅವು ಬಂದಾಗ ಮಾತ್ರ ನಾನೀಗ ಒಂದು ಕ್ಷಣ ನಿಲ್ಲುತ್ತೇನೆ. ನಿಜಕ್ಕೂ ಎಷ್ಟು ಸಲ? ಎಣಿಸಿದರೆ ಸಾಮಾನ್ಯವಾಗಿ ಕೈಬೆರಳಿನಷ್ಟೇ ಇರುತ್ತದೆ. ಗೆಳತಿಯರೇ, ನಿಮ್ಮ ದಿನದ ಕೆಲಸಗಳನ್ನೂ ಒಮ್ಮೆ ಎಣಿಸಿ ನೋಡಿ. ಅದರಲ್ಲಿ ಮಾತ್ರ ಲೆಕ್ಕ ನೂರೆಂಟನ್ನು ದಾಟಿದರೂ ನನಗೆ ಆಶ್ಚರ್ಯವಿಲ್ಲ.

ರಜೆ ಮುಗಿಸಿ ಹೊರಟ ದಿನ ದಾದರ್ ಸ್ಟೇಷನ್ನಿನಲ್ಲಿ ಮೊಮ್ಮಗ ಕಿಟಕಿಯಿಂದ ಕೂಗಿದ: "ಅಜ್ಜೀ, ಗಝಿಲಿಯನ್ ಮುತ್ತು!" ಈ ಸಲ ನಾನು ಸೊನ್ನೆ ಕೇಳಲಿಲ್ಲ.